.577 ಎನ್‌ಫೀಲ್ಡ್, ಕಾಗದದ ತೋಟಾ, ಎಲ್ಕ್ ಬೇಟೆ: ನನ್ನ ಅನುಭವ

ಮದ್ದು, ಗುಂಡು ಸೇರಿಸಿ ಕಾಗದದಲ್ಲಿ ಸುತ್ತಿದ ತೋಟಾ ಪ್ರದರ್ಶನಕ್ಕೆ ಸರಿ, ಎಲ್ಕ್ ಎಂಬ ದೊಡ್ಡ ಜಿಂಕೆಗೆ ಆಗದು ಅಂದವರೇ ಹೆಚ್ಚು. ಅಮೆರಿಕದ ಕೊಲೊರಾಡೊದಲ್ಲಿ ಬಾಯಿಯಿಂದ ಮದ್ದು ತುಂಬುವ ಕೋವಿಗಳ ಸೆಪ್ಟೆಂಬರ್ ಬೇಟೆ ಸೀಸನ್ನಿಗೆ ಈಗ ನಾನು ಒಯ್ಯುವುದು ಅದನ್ನೇ. ಅಲ್ಲಿ ಎಲ್ಕ್‌ಗೆ ಕನಿಷ್ಠ .50 ಇಂಚಿನ ಬೋರು (ನಳಿಗೆಯ ಒಳ ಅಗಲ) ಬೇಕು, ಸ್ಯಾಬೋ (ಗುಂಡಿನ ಸುತ್ತಲಿನ ಪ್ಲಾಸ್ಟಿಕ್ ಕವಚ) ಕೂಡದು, ಗುಳಿಗೆಯಾಗಿ ಒತ್ತಿದ ಮದ್ದೂ ಕೂಡದು. ನನ್ನ ಎರಡು ಪಟ್ಟಿಯ ಎನ್‌ಫೀಲ್ಡ್‌ಗೆ, ಅಂದರೆ ನಳಿಗೆಯನ್ನು ಎರಡು ಲೋಹದ ಪಟ್ಟಿಯಿಂದ ಬಿಗಿದ ಹಳೆಯ ಬ್ರಿಟಿಷ್ ಕೋವಿಯ ನಕಲಿಗೆ, ಇದ್ಯಾವುದೂ ತೊಡಕಲ್ಲ.

ತಲೆನೋವೆಲ್ಲ ಗುಂಡಿನ ಅಳತೆಯದು. ಬ್ರಿಟಿಷರೂ ಮೊದಲು .568 ಇಂಚು ಇಟ್ಟು, ಮಸಿ ಹಿಡಿದ ನಳಿಗೆಗೆ ಅದು ಇಳಿಯದೆ .550ಕ್ಕೆ ಬಂದರು. ನನ್ನದೂ .550, ಗೀರಿಲ್ಲದ ನುಣುಪು ಮೈ, ಟೊಳ್ಳು ತಳ, ತೂಕ 530 ಗ್ರೇನಿನ (ಸುಮಾರು 34 ಗ್ರಾಂ) ಆಸುಪಾಸು. ಸೀಸ ಉಗುರಿಗೆ ಗೀರು ಬೀಳುವಷ್ಟು ಮೆತ್ತಗಿರಬೇಕು. ಗಾಡಿಯ ಚಕ್ರದ ಸಮತೋಲಕ್ಕೆ ಹಾಕುವ ತುಂಡುಗಳ ಗಟ್ಟಿ ಸೀಸ ಬೆರೆಸಿದರೆ ತಳ ಹಿಗ್ಗಿ ನಳಿಗೆಯ ಸುರುಳಿ ಗೀರನ್ನು ಹಿಡಿಯುವುದಿಲ್ಲ, ಗುಂಡು ಅಡ್ಡಡ್ಡ ಹೋಗಿ ಗುರಿ ಬೋರ್ಡಿನಲ್ಲಿ ಉದ್ದನೆಯ ತೂತು ಮಾಡುತ್ತದೆ. ತಳದ ಟೊಳ್ಳಿಗೆ ತುರುಕಿ ಅದನ್ನು ಹಿಗ್ಗಿಸುವ ಬಿರಡೆಗೆ ಜೇಡಿ, ಪ್ಲಾಸ್ಟರ್, ಮರ ಎಲ್ಲ ನೋಡಿಯಾಯಿತು. ಮರವೇ ವಾಸಿ. ಅದರ ಇಳಿಜಾರು ಎಷ್ಟು ಅನ್ನುವುದು ಮಾತ್ರ ನನ್ನಲ್ಲೇ ಇರಲಿ.

ಗಟ್ಟಿ ಕಾಗದದ ಕೊಳವೆಯಲ್ಲಿ ಸುಮಾರು 70 ಗ್ರೇನ್ ಎರಡು ಎಫ್ (ಕಾಳಿನ ದಪ್ಪದ ಗುರುತು) ಕರಿಮದ್ದು. ಗುಂಡಿನ ಮೂತಿ ಮದ್ದಿನ ಕಡೆಗೆ, ಅಂದರೆ ತೋಟಾದೊಳಗೆ ತಲೆಕೆಳಗು. ಕೊಳವೆ, ಗುಂಡು ಎರಡನ್ನೂ ಸುತ್ತುವ ಹೊರಕಾಗದಕ್ಕೆ ಗುಂಡಿನ ಬಳಿ ಮೂರು ಸೀಳು ಹಾಕದಿದ್ದರೆ ನಳಿಗೆ ಬಿಟ್ಟ ಮೇಲೂ ಕಾಗದ ಅಂಟಿಕೊಂಡೇ ಇದ್ದು ಗುರಿ ಹಾಳಾಗುತ್ತದೆ. ತುಂಬುವಾಗ ಮದ್ದಿನ ತುದಿ ಹರಿದು ಸುರಿ, ತೋಟಾ ತಿರುಗಿಸು, ಮೇಣದ ಗುರುತಿನವರೆಗೆ ಗುಂಡಿನ ತಳ ಒಳಗಿಳಿಸು, ಮಿಕ್ಕ ಕಾಗದ ಮುರಿದೆಸೆ, ನಳಿಗೆಯ ಸಲಾಕೆಯಿಂದ ತಳ್ಳು. ಆ ಮಿಕ್ಕ ಕಾಗದವನ್ನೂ ಒಳಗೆ ತುರುಕಿದರೆ ಅದು ಕಿಡಿ ಹಿಡಿದು ಕೂತು, ಮುಂದಿನ ಮದ್ದು ಸುರಿಯುವಾಗಲೇ ಹತ್ತೀತು.

ಜಿಡ್ಡಿಗೆ ಐದು ಪಾಲು ಜೇನುಮೇಣ, ಒಂದು ಪಾಲು ಕೊಬ್ಬು. 1857ರಲ್ಲಿ ಸಿಪಾಯಿಗಳ ನಡುವೆ ಅಷ್ಟು ರಾದ್ಧಾಂತ ಎಬ್ಬಿಸಿದ್ದು ಎನ್‌ಫೀಲ್ಡ್ ತೋಟಾದ ಜಿಡ್ಡೇ. ನಾನು ಕುರಿಕೊಬ್ಬು ಹಾಕುತ್ತೇನೆ, ಉಪ್ಪು ಸೋಕದ್ದು. ಬರೀ ಕೊಬ್ಬಾದರೆ ಬಿಸಿಲಿಗೆ ಇಳಿದು ಮದ್ದನ್ನು ನೆನೆಸಿ, ಈಡು ಠುಸ್ ಅನ್ನುತ್ತದೆ.

ಖರ್ಚು? ಗುಂಡು ಎರೆಯುವ ಅಚ್ಚಿಗೇ ನೂರೈವತ್ತು ಡಾಲರ್ ಹತ್ತಿರ ಹೋಯಿತು. ಬೇಡದ ಎರಡು ಅಚ್ಚು ಮೂಲೆಯಲ್ಲಿವೆ. ಕಾಗದ ಪುಕ್ಕಟೆಗೆ ಸಮ. ಮಸ್ಕೆಟ್ ಕೇಪು (ಮದ್ದಿಗೆ ಕಿಡಿ ಕೊಡುವ ಪುಟ್ಟ ಟೋಪಿ) ಮಾತ್ರ ಸಿಕ್ಕಾಗಲೇ ಹೆಚ್ಚು ಕೊಂಡಿಡಬೇಕು.

ಈ ನಕಲು ಕೋವಿಗಳು ಹತ್ತಿರಕ್ಕೆ ಎತ್ತರ ಹೊಡೆಯುತ್ತವೆ. ಮುಂದಿನ ಸೈಟ್ ಎತ್ತರಿಸಿ 100 ಗಜಕ್ಕೆ ಕೂರಿಸಿದೆ. 150ಕ್ಕೆ ಒಂದಡಿ ಕೆಳಗೆ ಬೀಳುವುದರಿಂದ 80ರ ಆಚೆಗೆ ನಾನು ಹೊಡೆಯುವುದೇ ಇಲ್ಲ. ವೇಗ ಸೆಕೆಂಡಿಗೆ ಸಾವಿರದ ಚಿಲ್ಲರೆ ಅಡಿ, ಆದರೂ ಭುಜದ ಹಿಂದೆ ಹೊಕ್ಕ ಗುಂಡು ಆಚೆ ಮಗ್ಗುಲಲ್ಲಿ ಹೊರಬೀಳುತ್ತದೆ. ಪ್ರಾಣಿ ಅಲ್ಲೇ ಕುಸಿಯುವುದು ಕಡಿಮೆ. ಅರ್ಧ ಗಂಟೆ ಬಿಟ್ಟು ರಕ್ತದ ಜಾಡು ಹಿಡಿಯಬೇಕು, ಎರಡು ತೂತು ಇರುವುದರಿಂದ ಜಾಡು ಸಿಗದೆ ಹೋಗದು. ನಳಿಗೆಗೆ ಅದೇ ಸಂಜೆ ಬಿಸಿನೀರು.