ಡೀಸೆಲ್ ಪೈಪಿಗೆ ತೇಪೆ ಬೇಡ, ಇಡೀ ಪೈಪ್ ಬದಲಿಸಿ

ಬೆಳಿಗ್ಗೆ ಒಂದೇ ಸಲ ಸೆಲ್ಫ್ ಹೊಡೆದಾಗ ಸ್ಟಾರ್ಟ್ ಆದ ಗಾಡಿ ಅರ್ಧ ನಿಮಿಷ ಓಡಿ ನಿಂತುಬಿಟ್ಟರೆ ಬಳ್ಳಾರಿಯ ಡ್ರೈವರ್‌ಗಳು ‘ಏರ್ ಎಳೀತೈತೆ’ ಅನ್ನುತ್ತಾರೆ. ಮಾತು ನಿಜ. ಹಳೇ ಟಾಟಾ 407 ಲಾರಿಯಂಥ ಗಾಡಿಗಳಲ್ಲಿ ಫೀಡ್ ಪಂಪು ಟ್ಯಾಂಕಿನಿಂದ ಡೀಸೆಲನ್ನು ಹೀರಿಕೊಳ್ಳುತ್ತದೆ. ನಡುವಿನ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಗಾಳಿ ಒಳಗೆ ನುಗ್ಗುತ್ತದೆ. ಡೀಸೆಲ್ ಹೊರಗೆ ತೊಟ್ಟಿಕ್ಕದೇ ಇರಬಹುದು.

ಸಂಡೂರಿನ ಅದಿರು ರಸ್ತೆಯಲ್ಲಿ ಓಡಾಡಿದ ಗಾಡಿಯಾದರೆ ಮೊದಲು ಪೈಪನ್ನು ಹಿಡಿದಿರುವ ಕ್ಲಿಪ್ಪುಗಳನ್ನು ನೋಡಿ. ಕೆಂಪು ದೂಳೇ ಪೈಪನ್ನು ತಿನ್ನುತ್ತದೆ ಎಂದು ಹಲವರು ನಂಬಿದ್ದಾರೆ. ದೂಳು ತಿನ್ನುವುದಿಲ್ಲ, ನೀರನ್ನು ಹಿಡಿದಿಡುತ್ತದೆ. ಕ್ಲಿಪ್ಪಿನಡಿ ಉಜ್ಜಿ ಬಣ್ಣ ಹೋದ ಜಾಗದಲ್ಲಿ ಆ ಒದ್ದೆ ಮಣ್ಣು ತಿಂಗಳುಗಟ್ಟಲೆ ಕೂತು ತುಕ್ಕು ತರುತ್ತದೆ. ನನ್ನ ಗಾಡಿಯಲ್ಲಿ ಕ್ಲಿಪ್ ಬಿಚ್ಚಿದಾಗ ಸುತ್ತಲಿನ ದೂಳೆಲ್ಲ ಒಣಗಿತ್ತು, ಒಂದು ಕಡೆ ಮಾತ್ರ ರೂಪಾಯಿ ಅಗಲದ ಕಪ್ಪು ಜಿಡ್ಡಿತ್ತು. ಉಗುರಿನಿಂದ ಕೆರೆದರೆ ಪೈಪೇ ಪದರು ಪದರಾಗಿ ಉದುರಿತು. ಅಂಥದಕ್ಕೆ ಎಂ-ಸೀಲ್ ಮೆತ್ತುವುದು, ಟ್ಯೂಬ್ ರಬ್ಬರ್ ಸುತ್ತುವುದು ಖಂಡಿತ ಬೇಡ. ಒಂದು ಕಡೆ ತುಕ್ಕು ತೂತು ಮಾಡಿದ್ದರೆ ಮುಂದಿನ ಕ್ಲಿಪ್ಪಿನಡಿಯೂ ಮಾಡುತ್ತಿರುತ್ತದೆ.

ಕೆಲಸಕ್ಕೆ ಬೆಳಗಿನ ಹೊತ್ತೇ ಸರಿ. ಡೀಸೆಲ್ ಆವಿ ಕಿಡಿಗೆ ಹತ್ತಿಕೊಳ್ಳುವ ಉಷ್ಣಾಂಶಕ್ಕೆ ನಮ್ಮ ದೇಶದ ಮಾನದಂಡದಲ್ಲಿರುವ ಕನಿಷ್ಠ ಮಿತಿ 35 ಡಿಗ್ರಿ. ಬಳ್ಳಾರಿಯ ಬೇಸಿಗೆ ಮಧ್ಯಾಹ್ನ 40 ದಾಟುತ್ತದೆ. ಬೀಡಿ, ವೆಲ್ಡಿಂಗ್ ಹತ್ತಿರ ಸುಳಿಯಬಾರದು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಬರೀ ಜಾಕಿನ ಮೇಲೆ ನಿಂತ ಗಾಡಿಯಡಿ ಎಂದೂ ಮಲಗಬೇಡಿ.

ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬಿಚ್ಚುವಾಗ ಎರಡು ಪಾನಾ ಬೇಕು: ಒಂದರಲ್ಲಿ ಹಿಡಿದು, ಇನ್ನೊಂದರಲ್ಲಿ ತಿರುಗಿಸಿ. ಕೆಳಗೆ ಟ್ರೇ ಇಡಿ. ಹಳೇ ಪೈಪು ಮುರಿಯದೆ ಹೊರಬರಲಿ, ಹೊಸದಕ್ಕೆ ಅದೇ ಅಳತೆ. ಮುರಿಯುವಂತಿದ್ದರೆ ದಪ್ಪ ತಂತಿಯನ್ನು ಅದರ ಬಾಗುಗಳಂತೆ ಬಗ್ಗಿಸಿಟ್ಟುಕೊಳ್ಳಿ.

ಅಂಗಡಿಯಲ್ಲಿ ಅಷ್ಟೇ ಹೊರ ವ್ಯಾಸದ ಸ್ಟೀಲ್ ಪೈಪನ್ನೇ ಕೇಳಿ. ಸುಲಭವಾಗಿ ಬಾಗುತ್ತದೆಂದು ತಾಮ್ರದ ಪೈಪ್ ಹಾಕಬೇಡಿ, ಅದರಲ್ಲಿ ಡೀಸೆಲ್ ಬೇಗ ಕೆಟ್ಟು ಅಂಟುಗಟ್ಟುತ್ತದೆ. ರಬ್ಬರ್ ಪೈಪಿನ ತುಂಡೂ ಡೀಸೆಲ್‌ಗೆಂದೇ ಮಾಡಿದ್ದಾಗಿರಲಿ. ನೀರಿನ ಪೈಪು ಉಬ್ಬಿ ಮೆತ್ತಗಾಗುತ್ತದೆ.

ಕತ್ತರಿಸಲು ಪೈಪ್ ಕಟರ್ ಬಳಸಿ. ನಾನೊಮ್ಮೆ ಹ್ಯಾಕ್ಸಾದಿಂದ ಕೊಯ್ದು, ಪುಡಿ ಒಳಗೇ ಉಳಿದು, ಎರಡು ದಿನದಲ್ಲಿ ಫಿಲ್ಟರ್ ಕಟ್ಟಿತು. ಅಂಚು ನಯ ಮಾಡಿ, ಗಾಳಿ ಊದಿ ಸ್ವಚ್ಛಗೊಳಿಸಿ. ನಟ್ಟು ಹಿಡಿಯುವಂತೆ ಪೈಪಿನ ತುದಿ ಅಗಲಿಸಬೇಕು (ಫ್ಲೇರಿಂಗ್), ಅದಕ್ಕೂ ಮುನ್ನ ನಟ್ಟನ್ನು ಪೈಪಿಗೆ ಪೋಣಿಸಿ, ಆಮೇಲೆ ಅದು ಒಳಗೆ ಹೋಗುವುದಿಲ್ಲ. ಬೆಂಡರ್ ಇಲ್ಲದೆ ಬಗ್ಗಿಸಿದರೆ ಪೈಪು ಮಡಚಿಕೊಳ್ಳುತ್ತದೆ.

ಕೂರಿಸುವಾಗ ಸೈಲೆನ್ಸರ್, ಬ್ಯಾಟರಿ ವೈರು, ತಿರುಗುವ ಶಾಫ್ಟಿನಿಂದ ದೂರ ಇರಲಿ. ಪ್ರತಿ ಕ್ಲಿಪ್ಪಿನಡಿ ರಬ್ಬರ್ ಪಟ್ಟಿ ಕೊಡಿ. ಬ್ಯಾಂಜೋ ಬೋಲ್ಟಿನ (ಒಳಗಿನ ತೂತಿನಿಂದ ಡೀಸೆಲ್ ಹಾಯುವ ಬೋಲ್ಟು) ಜಾಯಿಂಟಿನ ಎರಡೂ ಬದಿಗೆ ಹೊಸ ತಾಮ್ರದ ವಾಷರ್ ಹಾಕಿ. ಹಳೆಯದನ್ನೇ ಬಿಗಿದರೆ ಮತ್ತೆ ಏರ್ ಎಳೆಯುತ್ತದೆ.

ಈಗ ಏರ್ ತೆಗೆಯುವ ಕೆಲಸ, ಇಲ್ಲಿ ಅವಸರ ಸಲ್ಲದು. ಫಿಲ್ಟರಿನ ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ಸ್ಕ್ರೂ) ಸಡಿಲಿಸಿ ಹ್ಯಾಂಡ್ ಪಂಪ್ ಒತ್ತುತ್ತಾ ಹೋಗಿ. ಮೊದಲು ನೊರೆ, ಆಮೇಲೆ ಬಿಟ್ಟು ಬಿಟ್ಟು ಗುಳ್ಳೆ, ಕೊನೆಗೆ ಒಂದೇ ಧಾರೆಯ ಡೀಸೆಲ್. ಕೈಗೂ ಗೊತ್ತಾಗುತ್ತದೆ: ಸಡಿಲವಾಗಿದ್ದ ಪಂಪು ಬಿಗಿಯಾಗುತ್ತದೆ. ಧಾರೆ ಬರುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ನಂತರ ಇಂಜೆಕ್ಷನ್ ಪಂಪಿನ ಸ್ಕ್ರೂನಲ್ಲೂ ಹೀಗೇ ಮಾಡಿ. ಇಂಜೆಕ್ಟರಿಗೆ ಹೋಗುವ ಗಟ್ಟಿ ಪೈಪುಗಳಿಗೆ ಕೈ ಹಾಕಬೇಡಿ. ಅಲ್ಲಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಕಾಮನ್ ರೈಲ್ ಇಂಜಿನ್ನಿನ (ಎಲ್ಲ ಇಂಜೆಕ್ಟರಿಗೂ ಒಂದೇ ಹೆಚ್ಚು ಒತ್ತಡದ ಕೊಳವೆಯಿಂದ ಡೀಸೆಲ್ ಹೋಗುವ) ಹೊಸ ಗಾಡಿಗೂ ಈ ಕ್ರಮ ಹೊಂದದು.

ಬ್ಯಾಟರಿ ಜೋಡಿಸಿ, ಸ್ಟಾರ್ಟ್ ಮಾಡಿ ಹತ್ತು ನಿಮಿಷ ಓಡಿಸಿ, ಆಫ್ ಮಾಡಿ. ಜಾಯಿಂಟುಗಳನ್ನು ಒರೆಸಿ ಒಂದೊಂದರಡಿ ದಿನಪತ್ರಿಕೆಯ ತುಂಡು ಇಟ್ಟು ರಾತ್ರಿ ಬಿಡಿ. ಬೆಳಿಗ್ಗೆ ಕಾಗದ ಒಣಗಿದ್ದು, ಗಾಡಿ ಒಂದೇ ಸಲ ಸೆಲ್ಫ್ ಹೊಡೆದಾಗ ಸ್ಟಾರ್ಟ್ ಆಗಿ, ನಿಲ್ಲದೆ ಓಡಿದರೆ ಲೋಡಿಗೆ ಹೊರಡಬಹುದು.