ಕಥೆ ಬಿಟ್ಟುಕೊಡದೆ ಕಾದಂಬರಿ ಕೈಗೆ ಕೊಡುವುದು ಹೇಗೆ

ಪುಸ್ತಕದಂಗಡಿಯಲ್ಲಿ ಕೂತವರು ತಮ್ಮ ಮೆಚ್ಚಿನ ಕಾದಂಬರಿ ಬಗ್ಗೆ ಮಾತು ಶುರು ಮಾಡಿದರೆ ನಿಲ್ಲಿಸುವುದು ಕಷ್ಟ. ಗಿರಾಕಿ ಬಂದು "ಯಾವುದರ ಒಂದು ಚಲೋ ಕಾದಂಬರಿ ಕೊಡ್ರಿ" ಅಂದರೆ ಸಾಕು, ಆ ಪುಸ್ತಕ ಕೈಗೆ ಬರುತ್ತದೆ, ಅದರ ಜೊತೆ ಅರ್ಧ ಕಥೆಯೂ ಹೊರಗೆ ಬರುತ್ತದೆ. ಗಿರಾಕಿ ತಲೆ ಆಡಿಸುತ್ತಾರೆ, "ಹೌದ್ರಿ, ಭಾಳ ಚಲೋ ಐತಿ" ಅನ್ನುತ್ತಾರೆ, ಪುಸ್ತಕ ಅಲ್ಲೇ ಇಟ್ಟು ಹೋಗುತ್ತಾರೆ. ಕಥೆ ಕೇಳಿ ಆಯ್ತಲ್ಲ, ಇನ್ನು ಓದುವುದು ಯಾಕೆ?

ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ ಕಡೆ ಇದು ಇನ್ನೂ ಮುಖ್ಯದ ವಿಷಯ ಅಂತ ನನ್ನ ಅನಿಸಿಕೆ. ಇಲ್ಲಿನ ಅಂಗಡಿಗಳಲ್ಲಿ ಜಾಸ್ತಿ ಜಾಗ ಹೋಗುವುದು ಗೈಡು, ನೋಟ್‌ಬುಕ್ಕು, ಪಿಡಿಓ ಮತ್ತು ಪೊಲೀಸ್ ಪರೀಕ್ಷೆಯ ಪುಸ್ತಕಗಳಿಗೆ. ಕಾದಂಬರಿಗೆ ಒಂದು ಕಪಾಟು, ಅದೂ ಒಳಗಡೆ ಮೂಲೆಯಲ್ಲಿ. ಅಲ್ಲಿಯವರೆಗೆ ಬಂದ ಗಿರಾಕಿ ಅಪರೂಪದವರು. ಮೊದಲು ಕೊಂಡ ಪುಸ್ತಕ ಸಪ್ಪೆ ಅನ್ನಿಸಿದರೆ ಅವರು ಮತ್ತೆ ಆ ಕಪಾಟಿನ ಕಡೆ ತಿರುಗಿ ನೋಡುವುದಿಲ್ಲ. ಹಾಗಾಗಿ ಏನು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಸಣ್ಣ ಮಾತಲ್ಲ.

ಮೊದಲು ನೀವು ಹೇಳಬೇಡಿ, ಕೇಳಿ. ಹಿಂದೆ ಏನು ಓದಿದ್ರಿ, ಅದರಲ್ಲಿ ಯಾವುದು ಹಿಡಿಸಿತು? ಏನೂ ಓದಿಲ್ಲ ಅಂದರೆ ಚಿಂತೆಯಿಲ್ಲ, ಯಾವ ಸಿನಿಮಾ ಮನಸ್ಸಿನಲ್ಲಿ ಉಳಿದಿದೆ, ಜಾತ್ರೆಗೆ ಬರುವ ಕಂಪನಿ ನಾಟಕ ನೋಡ್ತೀರಾ ಅಂತ ಕೇಳಿ. ಯಾವಾಗ ಓದುತ್ತೀರಿ ಅಂತಲೂ ಕೇಳಬೇಕು. ದಿನಾ ರೈಲಿನಲ್ಲಿ ಗದಗಿಗೋ ಹೊಸಪೇಟೆಗೋ ಹೋಗಿ ಬರುವವರು ತುಂಡು ತುಂಡಾಗಿ ಓದುತ್ತಾರೆ, ಅವರಿಗೆ ಸಣ್ಣ ಸಣ್ಣ ಅಧ್ಯಾಯಗಳ ಪುಸ್ತಕ ಸರಿ ಹೋಗುತ್ತದೆ. ಪರೀಕ್ಷೆ ಓದಿ ತಲೆ ಕೆಟ್ಟು ಬಂದ ಹುಡುಗನಿಗೆ ಮೂರು ತಲೆಮಾರಿನ ವಂಶಾವಳಿ ಇರುವ ದಪ್ಪ ಕಾದಂಬರಿ ಕೊಡಬೇಡಿ, ಪರೀಕ್ಷೆ ಮುಗಿದ ಮೇಲೆ ಕೊಡಿ. ಹೀಗೆ ಕೇಳುವುದರಿಂದ ಇನ್ನೊಂದು ಲಾಭ ಇದೆ. "ನಿಮಗೆ ಅದು ಹಿಡಿಸಿದ್ದರ ಇದೂ ಹಿಡಸ್ತದ್ರಿ" ಅನ್ನುವ ಒಂದೇ ಮಾತಿನಲ್ಲಿ ಅರ್ಧ ಕೆಲಸ ಮುಗಿಯುತ್ತದೆ, ಕಥೆಯ ಒಂದು ಎಳೆಯೂ ಹೊರಗೆ ಬರುವುದಿಲ್ಲ.

ಇನ್ನು ಮುಖ್ಯದ್ದು. ಈ ಪುಸ್ತಕದಲ್ಲಿ ಮುಚ್ಚಿಡಬೇಕಾದ್ದು ಯಾವುದು ಅಂತ ನೀವೇ ತೀರ್ಮಾನ ಮಾಡಿಕೊಂಡಿರಬೇಕು. ಗಿರಾಕಿ ಎದುರಿಗೆ ನಿಂತಾಗ ಇದು ಆಗುವ ಕೆಲಸ ಅಲ್ಲ, ಓದಿ ಮುಗಿಸಿದ ದಿನವೇ ಯೋಚನೆ ಮಾಡಿಟ್ಟುಕೊಳ್ಳಬೇಕು. ಕೊನೆ ಒಂದನ್ನು ಹೇಳದಿದ್ದರೆ ಸಾಕು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಆದರೆ ಒಂದೊಂದು ಕಾದಂಬರಿಯ ಗುಟ್ಟು ಒಂದೊಂದು ಕಡೆ ಇರುತ್ತದೆ.

ಅನಂತಮೂರ್ತಿಯವರ 'ಸಂಸ್ಕಾರ' ತಗೊಳ್ಳಿ, 1965ರಲ್ಲಿ ಬಂದದ್ದು. ಅದರಲ್ಲಿ ಒಬ್ಬ ಸತ್ತಿದ್ದಾನೆ ಅಂತ ಹೇಳಿದರೆ ಏನೂ ಹಾಳಾಗುವುದಿಲ್ಲ, ನಾರಣಪ್ಪ ಸತ್ತ ಸುದ್ದಿ ಶುರುವಿನಲ್ಲೇ ಬರುತ್ತದೆ. ಆಚಾರ ಎಲ್ಲ ಬಿಟ್ಟಿದ್ದ ಅವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು, ಅದು ಆಗುವ ತನಕ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ. ಇಷ್ಟನ್ನು ಧಾರಾಳವಾಗಿ ಹೇಳಬಹುದು, ಕೇಳಿದವರಿಗೆ ಪುಸ್ತಕ ತೆರೆಯಬೇಕು ಅನ್ನಿಸಿಯೇ ಅನ್ನಿಸುತ್ತದೆ. ಆದರೆ ಇದನ್ನು ತೀರ್ಮಾನ ಮಾಡಬೇಕಾದ ಅಗ್ರಹಾರದ ಪಂಡಿತರು ಪ್ರಾಣೇಶಾಚಾರ್ಯರು ಮುಂದೆ ಏನು ಮಾಡಿದರು ಅನ್ನುವುದರ ಹತ್ತಿರಕ್ಕೂ ಹೋಗಬಾರದು.

ಭೈರಪ್ಪನವರ 'ಪರ್ವ' ಇದಕ್ಕೆ ಉಲ್ಟಾ. 1979ರ ಪುಸ್ತಕ, ಕಥೆ ಮಹಾಭಾರತದ್ದು. ಕುರುಕ್ಷೇತ್ರದಲ್ಲಿ ಯಾರು ಗೆದ್ದರು ಅಂತ ಗೊತ್ತಿಲ್ಲದ ಗಿರಾಕಿ ನಮ್ಮ ಊರಲ್ಲಿ ಸಿಗುವುದಿಲ್ಲ. ಹಾಗಂತ ಮುಚ್ಚಿಡುವುದು ಏನೂ ಇಲ್ಲ ಅಂದುಕೊಳ್ಳಬೇಡಿ. ಪವಾಡ ಎಲ್ಲ ತೆಗೆದು, ಬರೀ ಮನುಷ್ಯರ ಕಥೆಯಾಗಿ ಬರೆದಿದ್ದಾರೆ ಅಂತ ಹೇಳಿ. ನಮಗೆ ಚಿಕ್ಕಂದಿನಿಂದ ಗೊತ್ತಿರುವ ಪ್ರಸಂಗಗಳನ್ನು ಅವರು ಹೇಗೆ ಬಿಡಿಸಿದ್ದಾರೆ ಅನ್ನುವುದನ್ನು ಮಾತ್ರ ಹೇಳಬೇಡಿ. ಅಲ್ಲಿ ಓದುಗರಿಗೆ ಸಿಗುವ ಖುಷಿ ಅದೇ, ಅದನ್ನು ಒಂದೊಂದಾಗಿ ಅವರೇ ಎದುರಾಗಿ ನೋಡಬೇಕು.

ಮೂರನೆಯ ಬಗೆ ಎಲ್ಲಕ್ಕಿಂತ ಕಷ್ಟದ್ದು. ಕಥೆ ಹೇಳುವವನನ್ನೇ ನಂಬಬಾರದು ಅಂತ ಅರ್ಧ ದಾರಿಯಲ್ಲಿ ಹೊಳೆಯುವ ಕಾದಂಬರಿಗಳು, ಒಂದು ಸಣ್ಣ ಸಂಗತಿಯಿಂದ ಹಿಂದಿನ ನೂರು ಪುಟ ಬೇರೆಯದೇ ಆಗಿ ಕಾಣುವ ಕಾದಂಬರಿಗಳು ಇರುತ್ತವಲ್ಲ, ಅವು. ಇಂಥವುಗಳ ಬಗ್ಗೆ "ಕಡೀಗೆ ಒಂದು ದೊಡ್ಡ ತಿರುವು ಐತ್ರಿ, ಅದನ್ನ ಹೇಳಂಗಿಲ್ಲ" ಅಂದರೆ ಹೇಳಿಬಿಟ್ಟ ಹಾಗೇ ಆಯಿತು. ಆ ಮಾತು ಕೇಳಿಸಿಕೊಂಡವರು ಮೊದಲ ಪುಟದಿಂದಲೇ ಪೊಲೀಸರ ಹಾಗೆ ಎಲ್ಲರ ಮೇಲೂ ಅನುಮಾನ ಪಡುತ್ತಾ ಓದುತ್ತಾರೆ. ಪಾಪ, ಲೇಖಕರು ಅಷ್ಟು ಕಷ್ಟಪಟ್ಟು ಕಟ್ಟಿದ ನಂಬಿಕೆ ಅವರಲ್ಲಿ ಹುಟ್ಟುವುದೇ ಇಲ್ಲ. ತಿರುವು, ಶಾಕ್, ಗುಟ್ಟು ಈ ಮೂರು ಮಾತು ಬಾಯಿಗೆ ಬರದ ಹಾಗೆ ನೋಡಿಕೊಳ್ಳಿ. ಇಂಥ ಪುಸ್ತಕಕ್ಕೆ ಬೇರೆ ಬಾಗಿಲಿಂದ ಹೋಗಿ. ಊರು ಹೇಗಿದೆ, ಮನೆ ಹೇಗಿದೆ, ಮಾತಿನ ಓಟ ಹೇಗಿದೆ ಅನ್ನುವುದನ್ನು ಹೇಳಿ, ಸಾಕು.

ಎಷ್ಟು ಹೇಳಬಹುದು ಅನ್ನುವುದಕ್ಕೆ ಒಂದು ಅಂದಾಜು ಇಟ್ಟುಕೊಳ್ಳಿ. 300 ಪುಟದ ಪುಸ್ತಕವಾದರೆ ಮೊದಲ 25–30 ಪುಟದ ಒಳಗೆ ಬರುವುದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಅದರಲ್ಲೂ ಒಬ್ಬ ವ್ಯಕ್ತಿ, ಒಂದು ಜಾಗ, ಅವರಿಗೆ ಬಂದ ಒಂದು ತೊಡಕು, ಇಷ್ಟೇ. ಕಾರಂತರ 'ಮೂಕಜ್ಜಿಯ ಕನಸುಗಳು' ಆದರೆ ನಾನು ಹೇಳುವುದು ಇಷ್ಟು: "ಒಬ್ಬಾಕಿ ಅಜ್ಜಿ ಅದಾಳ್ರಿ, ಸಣ್ಣಾಕಿ ಇದ್ದಾಗನ ಗಂಡನ್ನ ಕಳಕೊಂಡಾಕಿ. ಒಂದು ಸಾಮಾನು ಕೈಯಾಗ ಹಿಡದ್ರ ಅದರ ಹಿಂದಿನ ಕಾಲ ಆಕಿ ಕಣ್ಣಿಗೆ ಕಾಣತೈತಿ. ಮೊಮ್ಮಗ ಕೇಳ್ಕೋತ ಹೋಗ್ತಾನ, ಆಕಿ ಹೇಳ್ಕೋತ ಹೋಗ್ತಾಳ." ಇಲ್ಲಿಗೆ ನಿಲ್ಲಿಸಿ ಪುಸ್ತಕ ಅವರ ಕೈಗೆ ಕೊಡುತ್ತೇನೆ. ಕಾರಂತರಿಗೆ 1977ರಲ್ಲಿ ಇದಕ್ಕೇ ಜ್ಞಾನಪೀಠ ಬಂತು ಅನ್ನುವುದನ್ನು ಮುಖ ನೋಡಿ ಹೇಳಬೇಕು. ಪ್ರಶಸ್ತಿ ಅಂದರೆ ಕೊಳ್ಳುವವರು ಇದ್ದಾರೆ, ಪ್ರಶಸ್ತಿ ಅಂದರೆ ಅರ್ಥ ಆಗದ ಪುಸ್ತಕ ಅಂತ ಹೆದರಿ ವಾಪಸ್ ಇಡುವವರೂ ಇದ್ದಾರೆ.

ಕೈಗೆ ಕೊಟ್ಟ ಮೇಲೆ ಸುಮ್ನೆ ಇರಿ. ಇದು ಕೇಳಲು ಸುಲಭ, ಮಾಡಲು ಕಷ್ಟ. ಗಿರಾಕಿ ಪುಟ ತಿರುವುತ್ತಾರೆ, ಬೆಲೆ ನೋಡುತ್ತಾರೆ, ಏನೂ ಮಾತಾಡುವುದಿಲ್ಲ. ಆ ಹೊತ್ತಿಗೇ ನಮಗೆ ಇನ್ನೊಂದು ಮಾತು ಸೇರಿಸೋಣ ಅನ್ನಿಸುವುದು, ಕಥೆ ಸೋರುವುದೂ ಆಗಲೇ. ಒಂದು ನೋಟ್‌ಬುಕ್ಕಿನ ಕಟ್ಟು ಬಿಚ್ಚಿ ಜೋಡಿಸುತ್ತಾ ನಿಲ್ಲಿ. ಅವರೇ ಏನಾದರೂ ಕೇಳುತ್ತಾರೆ.

ಕೆಲವು ಪುಸ್ತಕಗಳಿಗೆ ಯಾವ ಪರಿಚಯದ ಮಾತೂ ಸಾಲುವುದಿಲ್ಲ, ಓದಿಯೇ ತೋರಿಸಬೇಕು. ಕೊಟ್ಟೂರಿನ ಕುಂ. ವೀರಭದ್ರಪ್ಪನವರ 'ಅರಮನೆ'ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ, ಬ್ರಿಟಿಷ್ ಅಧಿಕಾರಿ ಥಾಮಸ್ ಮನ್ರೋ ಕಾಲದ ನಮ್ಮ ಸೀಮೆ ಅದರಲ್ಲಿದೆ, ಅಂತೆಲ್ಲ ಹೇಳಬಹುದು. ಆದರೆ ದಪ್ಪ ನೋಡಿ ಗಿರಾಕಿ ಹಿಂಜರಿಯುತ್ತಾರೆ. ಅದರ ಒಂದು ಅರ್ಧ ಪುಟ ಜೋರಾಗಿ ಓದಿ. ನಮ್ಮ ಕಡೆಯ ಮಾತು ಕಿವಿಗೆ ಬಿದ್ದ ಕೂಡಲೇ ಮುಖದಲ್ಲಿ ಬದಲಾವಣೆ ಕಾಣುತ್ತದೆ. ಓದುವ ಪುಟ ಮೊದಲೇ ಆರಿಸಿ ಒಂದು ಚೀಟಿ ಇಟ್ಟುಕೊಂಡಿರಿ, ಶುರುವಿನ ಪುಟಗಳಲ್ಲೇ ಇರಲಿ, ಮುಂದೆ ಆಗುವುದರ ಸುಳಿವು ಅದರಲ್ಲಿ ಇರಬಾರದು. ಆ ಕ್ಷಣಕ್ಕೆ ಎಲ್ಲೋ ಮಧ್ಯದಲ್ಲಿ ತೆರೆದು ಓದಿದರೆ ಯಾರದೋ ಮದುವೆ, ಯಾರದೋ ಸಾವು ಬಾಯಿಗೆ ಬಂದೇ ಬರುತ್ತದೆ.

ನಾವು ಇಷ್ಟೆಲ್ಲ ಜೋಪಾನ ಮಾಡಿದರೂ ಪುಸ್ತಕವೇ ಕಥೆ ಹೇಳಿಬಿಡುವುದುಂಟು. ಕನ್ನಡದ ಕಾದಂಬರಿಗಳಿಗೆ ಉದ್ದದ ಮುನ್ನುಡಿ ಇರುತ್ತದೆ, ಅದನ್ನು ಬರೆದವರು ಪುಸ್ತಕ ಪೂರ್ತಿ ಓದಿ, ಯಾರು ಸತ್ತರು, ಯಾಕೆ ಸತ್ತರು, ಅದರ ಅರ್ಥ ಏನು ಅಂತೆಲ್ಲ ವಿವರಿಸಿರುತ್ತಾರೆ. ಮುನ್ನುಡಿ ಒಳ್ಳೆಯದೇ, ಓದಬೇಕಾದದ್ದೇ, ಆದರೆ ಕಥೆ ಮುಗಿದ ಮೇಲೆ. ಬೆನ್ನುಡಿಯಲ್ಲೂ ಒಮ್ಮೊಮ್ಮೆ ಹೀಗೇ ಆಗುತ್ತದೆ. ಹಾಗಾಗಿ ಮಾರುವ ಪ್ರತಿ ಕಾದಂಬರಿಯ ಬೆನ್ನುಡಿ, ಮುನ್ನುಡಿ ಎರಡನ್ನೂ ನೀವು ನೋಡಿಟ್ಟಿರಿ, ಬಿಲ್ಲು ಹಾಕುವಾಗ "ಅಣ್ಣಾರ, ಮುನ್ನುಡಿ ಕಡೀಗೆ ಓದ್ರಿ, ಕಥಿ ಮೊದಲ ಓದ್ರಿ" ಅಂತ ಹೇಳಿ. ಈ ಒಂದು ಮಾತಿಗೆ ಜನ ಆಮೇಲೆ ಬಂದು ಥ್ಯಾಂಕ್ಸ್ ಹೇಳುತ್ತಾರೆ.

ಅದ್ಭುತ, ತಪ್ಪದೇ ಓದಿ, ಮನ ಮುಟ್ಟುತ್ತದೆ, ಇಂಥ ಹೊಗಳಿಕೆ ಯಾವ ಪುಸ್ತಕಕ್ಕಾದರೂ ಹೊಂದುತ್ತದೆ, ಅದಕ್ಕೇ ಯಾರ ಮನಸ್ಸಿನಲ್ಲೂ ನಿಲ್ಲುವುದಿಲ್ಲ. ಬದಲಿಗೆ ಪುಸ್ತಕದ ಕಷ್ಟ ಹೇಳಿ. ಮೊದಲ ನಲವತ್ತು ಪುಟ ನಿಧಾನ, ಹೆಸರುಗಳು ಜಾಸ್ತಿ, ಮಲೆನಾಡಿನ ಕೆಲವು ಮಾತು ನಮಗೆ ಹೊಸವು, ಅಲ್ಲಿ ದಾಟಿದರೆ ಆಮೇಲೆ ತಾನೇ ಎಳೆದುಕೊಂಡು ಹೋಗುತ್ತದೆ. ಇದರಿಂದ ಕಥೆ ಏನೂ ಹೊರಬೀಳುವುದಿಲ್ಲ. ಮಧ್ಯದಲ್ಲಿ ಬೇಸರ ಬಂದಾಗ ಅಂಗಡಿಯವರು ಮೊದಲೇ ಹೇಳಿದ್ದರು ಅಂತ ನೆನಪಾಗಿ ಇನ್ನಷ್ಟು ಓದುತ್ತಾರೆ. ಕಪಾಟಿಗೆ ಕೈಬರಹದ ಚೀಟಿ ಅಂಟಿಸುವುದಾದರೂ ಎರಡು ಸಾಲು, ಇದೇ ರೀತಿ.

ಈಗ ಪ್ರಶ್ನೆಗಳ ವಿಷಯ. "ಕಡೀಗೆ ಏನಾಗತೈತ್ರಿ?" ಅಂತ ಸುಮ್ನೆ ಕೇಳುವವರಿಗೆ ನಕ್ಕು, "ಅದನ್ನ ನೀವು ಓದಿ ನನಗ ಹೇಳಬೇಕ್ರಿ" ಅಂದರೆ ಆಯ್ತು. ಆದರೆ ಕೆಲವರು ನಿಜವಾಗಿ ತಿಳಿಯಬೇಕು ಅಂತಲೇ ಕೇಳುತ್ತಾರೆ. ಮನೆಯಲ್ಲಿ ಈಚೆಗೆ ಸಾವಾಗಿರುವವರು, ಮಗು ಕಳೆದುಕೊಂಡವರು, ಆಸ್ಪತ್ರೆಯಲ್ಲಿ ಇರುವ ಅಕ್ಕನಿಗೆ ಪುಸ್ತಕ ಒಯ್ಯುವವರು. "ಇದರಾಗ ಸಣ್ಣ ಕೂಸು ಸಾಯೂದು ಐತೇನ್ರಿ?" ಅಂತ ಒಬ್ಬ ತಾಯಿ ಕೇಳಿದರೆ ಕಥೆ ಕಾಪಾಡುವುದಕ್ಕೆ ಹೋಗಬಾರದು. ಐತಿ ಅಂದರೆ ಐತಿ ಅಂತ ನೇರ ಹೇಳಬೇಕು, ಬೇರೆ ಪುಸ್ತಕ ತೆಗೆದುಕೊಡಬೇಕು. ಯಾರು, ಯಾವಾಗ, ಹೇಗೆ ಅನ್ನುವುದು ಬೇಕಾಗಿಲ್ಲ, ಅವರು ಕೇಳಿದಷ್ಟಕ್ಕೆ ಉತ್ತರ ಕೊಟ್ಟರೆ ಸಾಕು. ಹತ್ತನೇ ಕ್ಲಾಸಿನ ಮಗನಿಗೆ ಕೊಡಬಹುದಾ ಅಂತ ಅಪ್ಪ ಕೇಳಿದಾಗಲೂ ಹಾಗೇ. ಅಪ್ಪನನ್ನು ಸ್ವಲ್ಪ ಈಚೆ ಕರೆದು ಇರುವುದನ್ನು ಹೇಳಿ, ಹುಡುಗನ ಕಿವಿಗೆ ಬೀಳದಿರಲಿ.

ಗೆಳೆಯರಿಬ್ಬರು ಒಟ್ಟಿಗೆ ಬಂದು, ಅದರಲ್ಲಿ ಒಬ್ಬರು ಆ ಪುಸ್ತಕ ಓದಿದ್ದರೆ ಹುಷಾರು. ಅವರಿಗೆ ನಮಗಿಂತ ಜಾಸ್ತಿ ಉತ್ಸಾಹ ಇರುತ್ತದೆ. "ಸರ, ನಿಮಗ ಯಾವ ಪಾತ್ರ ಹಿಡಿಸ್ತು, ಬರೇ ಹೆಸರು ಹೇಳ್ರಿ" ಅಂತ ಅವರ ಮಾತನ್ನು ಒಂದು ಕಡೆ ತಿರುಗಿಸಿ. ಸಿನಿಮಾ ನೋಡಿದ್ದೇವೆ, ಇನ್ನು ಪುಸ್ತಕ ಯಾಕೆ ಅನ್ನುವವರೂ ಬರುತ್ತಾರೆ. ಅವರಿಗೆ "ಕಾದಂಬರಿಯಲ್ಲಿ ಕೊನೆ ಬೇರೆ ಇದೆ" ಅನ್ನಬೇಡಿ, ಅದೂ ಬಿಟ್ಟುಕೊಟ್ಟ ಹಾಗೆ. ಸಿನಿಮಾದಲ್ಲಿ ಮುಖ ನೋಡಿದ್ರಿ, ಇಲ್ಲಿ ಆ ಮನುಷ್ಯನ ತಲೆಯೊಳಗಿನದು ಸಿಗುತ್ತದೆ ಅಂತ ಹೇಳಿದರೆ ಸಾಕು.

ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಗೆ ಪುಸ್ತಕದ ಅಂಗಡಿ ಹಾಕುವವರಿಗೆ ಇಷ್ಟೆಲ್ಲ ಮಾತಾಡುವ ಪುರುಸೊತ್ತು ಇರುವುದಿಲ್ಲ. ಜನ ನಿಲ್ಲದೆ ಸಾಗುತ್ತಿರುತ್ತಾರೆ, ಮಕ್ಕಳು ಕೈ ಎಳೆಯುತ್ತಿರುತ್ತಾರೆ. ಅಲ್ಲಿ ಒಂದು ಪುಸ್ತಕಕ್ಕೆ ಒಂದೇ ವಾಕ್ಯ, ಹಿಂದಿನ ದಿನವೇ ಬರೆದು, ಬಾಯಿಪಾಠ ಮಾಡಿಕೊಂಡು ಹೋಗಿ. "ಹೆಣ ಐತಿ, ಹೊರಾಕ ಯಾರೂ ಒಪ್ಪವಲ್ಲರು" ಅನ್ನುವಂಥ ಒಂದು ವಾಕ್ಯಕ್ಕೆ ಕಾಲು ನಿಲ್ಲುತ್ತವೆ. ಅಂಥ ಗದ್ದಲದಲ್ಲಿ ತಯಾರಿ ಇಲ್ಲದೆ ಮಾತಾಡಿದರೆ ಅವಸರಕ್ಕೆ ಕಥೆಯ ಜೀವಾಳವೇ ಮೊದಲು ಬಾಯಿಗೆ ಬರುತ್ತದೆ.

ಪುಸ್ತಕ ಒಯ್ದವರು ಮತ್ತೆ ಬಂದಾಗ "ಹೆಂಗಿತ್ರಿ?" ಅನ್ನುವುದಕ್ಕಿಂತ ಮೊದಲು "ಎಲ್ಲಿ ಮಟ ಬಂದ್ರಿ?" ಅಂತ ಕೇಳಿ. ಅರ್ಧಕ್ಕೆ ಬಂದಿದ್ದರೆ ನಿಮ್ಮ ಮಾತೂ ಅರ್ಧದವರೆಗೆ ಮಾತ್ರ, ಅವರು ಏನಾದರೂ ಊಹೆ ಹೇಳಿದರೆ ಹೌದು ಅನ್ನಬೇಡಿ, ಅಲ್ಲ ಅನ್ನಬೇಡಿ, ಹುಬ್ಬೂ ಏರಿಸಬೇಡಿ. ಪೂರ್ತಿ ಮುಗಿಸಿದ್ದಾರೆ ಅಂದರೆ ಅವರೇ ಮೊದಲು ಮಾತಾಡಲಿ. ಆ ಹೊತ್ತಿಗೆ ಕಪಾಟಿನ ಹತ್ತಿರ ಬೇರೆ ಗಿರಾಕಿ ಇದ್ದರೆ ಅಂಗಡಿಯಲ್ಲಿ ನಿಂತು ಚರ್ಚೆ ಬೇಡ. ಗಲ್ಲಾ ಯಾರಿಗಾದರೂ ಒಪ್ಪಿಸಿ, ಎದುರಿನ ಬಂಡಿಯಲ್ಲಿ ಎರಡು ಪ್ಲೇಟು ಒಗ್ಗರಣೆ ಮಿರ್ಚಿ ಹೇಳಿ, ಇಷ್ಟು ದಿನ ತಡೆದಿಟ್ಟ ಕೊನೆಯ ಅಧ್ಯಾಯದ ಮಾತೆಲ್ಲ ಅಲ್ಲಿ ಆಡಿ.