ಅಮೆರಿಕ ಅಧ್ಯಕ್ಷರ ಸಲಹೆಗಾರರ ಬದುಕನ್ನು ಹುಡುಕಿ ಬರೆಯುವುದು ಹೇಗೆ?

ಅಮೆರಿಕದ ಅಧ್ಯಕ್ಷರ ಬಗ್ಗೆ ಬರೆಯಲು ಸಾಮಗ್ರಿ ಬೇಕಾದಷ್ಟು ಸಿಗುತ್ತದೆ. ಪಕ್ಕದಲ್ಲಿ ಕೂತು ಸಲಹೆ ಕೊಟ್ಟವರನ್ನು ಹುಡುಕುವುದೇ ಕಷ್ಟ. ಭಾಷಣ ಅಧ್ಯಕ್ಷರದ್ದು, ಸಹಿಯೂ ಅವರದ್ದೇ. ನಾನು ಬಹಳ ಕಾಲದಿಂದ ಹ್ಯಾರಿ ಹಾಪ್ಕಿನ್ಸ್ ಅವರ ಬೆನ್ನು ಹತ್ತಿದ್ದೇನೆ. ಫ್ರಾಂಕ್ಲಿನ್ ರೂಸ್‌ವೆಲ್ಟ್ ಅತಿ ಹೆಚ್ಚು ನಂಬಿದ್ದ ಸಲಹೆಗಾರ ಅವರು. 55ನೇ ವಯಸ್ಸಿಗೇ ತೀರಿಕೊಂಡರು, ಆತ್ಮಕಥೆ ಬರೆಯಲಿಲ್ಲ. ಇಂಥವರ ಬಗ್ಗೆ ಬರೆಯುವ ಆಸೆ ಇರುವವರಿಗೆ ನನಗೆ ಗೊತ್ತಿರುವ ದಾರಿ ಹೇಳುತ್ತೇನೆ.

ಮೊದಲು ಹುದ್ದೆಯ ಹೆಸರನ್ನು ಬದಿಗಿಡಿ. ಅದನ್ನು ನೋಡಿ ಯಾರ ತೂಕವನ್ನೂ ಅಳೆಯಲು ಆಗುವುದಿಲ್ಲ. ಹಾಪ್ಕಿನ್ಸ್ ವಾಣಿಜ್ಯ ಸಚಿವರಾಗಿದ್ದರು, 1940ರಲ್ಲಿ ರಾಜೀನಾಮೆ ಕೊಟ್ಟರು. ಆಮೇಲೆ ಕೆಲವು ತಿಂಗಳು ಅವರ ಕೈಯಲ್ಲಿ ಯಾವ ಹುದ್ದೆಯೂ ಇರಲಿಲ್ಲ. ಆದರೆ ಅವರ ಮಾತು ಹೆಚ್ಚು ನಡೆದದ್ದೇ ಆ ರಾಜೀನಾಮೆಯ ನಂತರ. ಯಾಕೆ ಅಂತ ತಿಳಿಯಬೇಕಾದರೆ ಅವರು ಎಲ್ಲಿ ಮಲಗುತ್ತಿದ್ದರು ಅಂತ ನೋಡಿ. 1940ರ ಮೇ 10ರಂದು ರಾತ್ರಿ ಊಟಕ್ಕೆ ಅಂತ ಶ್ವೇತಭವನಕ್ಕೆ ಬಂದವರು ಹುಷಾರಿಲ್ಲದೆ ಅಲ್ಲೇ ಉಳಿದರು. 1943ರ ಕೊನೆಯವರೆಗೂ ಅದೇ ಅವರ ಮನೆಯಾಯಿತು. ಅವರಿದ್ದ ಕೋಣೆ ಒಂದು ಕಾಲಕ್ಕೆ ಲಿಂಕನ್ ಕೆಲಸ ಮಾಡುತ್ತಿದ್ದ ಕೋಣೆ. ರೂಸ್‌ವೆಲ್ಟ್ ಮಲಗುತ್ತಿದ್ದುದೂ ಅದೇ ಮಹಡಿಯಲ್ಲಿ. ಸಚಿವರು ಸಮಯ ಕೇಳಿಕೊಂಡು ಬರಬೇಕಿತ್ತು. ಇವರಿಗೆ ಹಾಗೇ ಎದ್ದು ಹೋದರೆ ಸಾಕಿತ್ತು.

ಮುಂದಿನ ಕೆಲಸ, ಅಧ್ಯಕ್ಷರ ದಿನಚರಿ ತೆಗೆಯುವುದು. ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನಲ್ಲಿರುವ ರೂಸ್‌ವೆಲ್ಟ್ ಗ್ರಂಥಾಲಯ ಅದನ್ನು ಇಂಟರ್ನೆಟ್‌ನಲ್ಲೇ ಇಟ್ಟಿದೆ. ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಊಟಕ್ಕೆ ಯಾರಿದ್ದರು ಎಲ್ಲ ಸಿಗುತ್ತದೆ. ಒಂದು ದೊಡ್ಡ ತೀರ್ಮಾನ ಆರಿಸಿಕೊಳ್ಳಿ, ಅದರ ಹಿಂದಿನ ಎರಡು ವಾರಗಳ ಪುಟಗಳನ್ನು ನಿಧಾನವಾಗಿ ಓದಿ. ಅಧ್ಯಕ್ಷರ ಕಿವಿಗೆ ಯಾರು ಹತ್ತಿರ ಇದ್ದರು ಅನ್ನುವುದು ತಾನಾಗೇ ಕಾಣುತ್ತದೆ. ಒಂದೇ ಎಚ್ಚರಿಕೆ, ಮನೆಯಲ್ಲೇ ಇದ್ದವರು ಆಡಿದ ಎಲ್ಲ ಮಾತಿಗೂ ದಿನಚರಿಯಲ್ಲಿ ಜಾಗ ಸಿಕ್ಕಿರುವುದಿಲ್ಲ.

ಹಾಗಾಗಿ ಕಾಗದಗಳಿಗೆ ಹೋಗಿ. ನನಗೆ ಬಹಳ ಇಷ್ಟವಾದದ್ದು 1941ರ ಜನವರಿಯ ಒಂದು ಪತ್ರ. ಬ್ರಿಟನ್ ಪ್ರಧಾನಿ ಚರ್ಚಿಲ್ ಎಂಥವರು, ಜರ್ಮನಿಯ ದಾಳಿಯನ್ನು ಬ್ರಿಟನ್ ತಡೆದುಕೊಳ್ಳುತ್ತದಾ ಅಂತ ನೋಡಿ ಬರಲು ರೂಸ್‌ವೆಲ್ಟ್ ಹಾಪ್ಕಿನ್ಸ್‌ರನ್ನು ಲಂಡನ್ನಿಗೆ ಕಳಿಸಿದ್ದರು. ಕ್ಲಾರಿಜಸ್ ಹೋಟೆಲಿನ ಕಾಗದದ ಮೇಲೆ ಅವರು ಕೈಯಾರೆ ಬರೆದರು. ಇಲ್ಲಿನ ಜನ ಅದ್ಭುತ, ಧೈರ್ಯವೊಂದರಿಂದಲೇ ಗೆಲ್ಲುವುದಾದರೆ ಗೆಲುವು ಖಂಡಿತ, ಆದರೆ ಅವರಿಗೆ ನಮ್ಮ ಸಹಾಯ ತುರ್ತಾಗಿ ಬೇಕು ಅನ್ನುವುದು ಅದರ ಸಾರ. ಮಾರ್ಚ್ 11ಕ್ಕೆ, ಬ್ರಿಟನ್‌ನಂಥ ದೇಶಗಳಿಗೆ ಯುದ್ಧ ಸಾಮಗ್ರಿ ಕೊಡಲು ದಾರಿ ಮಾಡಿದ ಲೆಂಡ್-ಲೀಸ್ ಕಾಯ್ದೆಗೆ ರೂಸ್‌ವೆಲ್ಟ್ ಸಹಿ ಬಿತ್ತು. ಪತ್ರದಿಂದಲೇ ಕಾಯ್ದೆ ಆಯಿತು ಅಂತ ಮಾತ್ರ ಬರೆಯಬೇಡಿ. ಪತ್ರ ಬರುವ ಮೊದಲೇ ಮಸೂದೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮುಂದಿತ್ತು. ಸಲಹೆಗಾರರ ಬಗ್ಗೆ ಬರೆಯುವಾಗ ಜಾಸ್ತಿ ಜಾರುವುದು ಇಲ್ಲೇ. ಪ್ರೀತಿ ಹುಟ್ಟಿದ ಮೇಲೆ ಎಲ್ಲವನ್ನೂ ಅವರೇ ಮಾಡಿಸಿದರು ಅನ್ನಿಸುತ್ತದೆ.

ಪ್ರಸಿದ್ಧ ಮಾತು ಸಿಕ್ಕಿದರೆ, ಕೇಳಿಸಿಕೊಂಡವರು ಯಾರು ಅಂತ ಹುಡುಕಿ. ತೆರಿಗೆ ಹಾಕುತ್ತೇವೆ, ಖರ್ಚು ಮಾಡುತ್ತೇವೆ, ಗೆಲ್ಲುತ್ತಲೇ ಇರುತ್ತೇವೆ ಅಂತ ಹಾಪ್ಕಿನ್ಸ್ ಹೇಳಿದರು ಎಂದು 1938ರಲ್ಲಿ ಪತ್ರಿಕೆಗಳು ಬರೆದವು. ಹಾಗೆ ಹೇಳಿಲ್ಲ ಅಂತ ಅವರು ನಿರಾಕರಿಸಿದರು. ಆದರೂ ಆ ಮಾತು ಅವರಿಗೆ ಅಂಟಿಕೊಂಡೇ ಉಳಿಯಿತು. 1941ರ ಅದೇ ಬ್ರಿಟನ್ ಪ್ರವಾಸದಲ್ಲಿ, ಗ್ಲಾಸ್ಗೋದ ಒಂದು ಊಟದಲ್ಲಿ ಅವರು ಚರ್ಚಿಲ್ ಎದುರು ಬೈಬಲ್ಲಿನ ರೂತಳ ಮಾತು ಹೇಳಿ, ನೀವು ಹೋದಲ್ಲಿಗೆ ನಾವೂ ಬರುತ್ತೇವೆ, ಕೊನೆಯವರೆಗೂ, ಅಂದರಂತೆ. ಚರ್ಚಿಲ್ ಅವರ ವೈದ್ಯರ ದಿನಚರಿಯಲ್ಲಿ ಇದಿದೆ. ಅದು ಅಚ್ಚಾದದ್ದು 1966ರಲ್ಲಿ. ಇಂಥದ್ದನ್ನು ಬಳಸಿ, ಆದರೆ ಎಲ್ಲಿಂದ ಬಂತು ಅಂತ ಓದುಗರಿಗೆ ಹೇಳಿ.

ಆರೋಗ್ಯದ ವಿಷಯವನ್ನು ದಯವಿಟ್ಟು ಒಂದು ಸಾಲಿನಲ್ಲಿ ಮುಗಿಸಬೇಡಿ. ಕ್ಯಾನ್ಸರ್ ಅಂತ 1937ರಲ್ಲಿ ಹಾಪ್ಕಿನ್ಸ್ ಹೊಟ್ಟೆಯ ದೊಡ್ಡ ಭಾಗ ತೆಗೆದಿದ್ದರು. ಆಮೇಲೆ ಉಂಡದ್ದು ಮೈಗೆ ಹತ್ತಲೇ ಇಲ್ಲ. ಅಂಥ ದೇಹ ಇಟ್ಟುಕೊಂಡು 1941ರ ಜುಲೈನಲ್ಲಿ ಸ್ಕಾಟ್ಲೆಂಡಿನಿಂದ ರಷ್ಯಾದ ಅರ್ಖಾಂಗೆಲ್ಸ್ಕ್‌ಗೆ ಕ್ಯಾಟಲಿನಾ ವಿಮಾನದಲ್ಲಿ, ಕೊರೆಯುವ ಚಳಿಯಲ್ಲಿ ಹೋದರು. ಅಲ್ಲಿಂದ ಮಾಸ್ಕೋ, ಸ್ಟಾಲಿನ್ ಭೇಟಿ. ವಾಪಸ್ ಬರುವಾಗ ಔಷಧಿ ಚೀಲ ಅಲ್ಲೇ ಉಳಿದುಹೋಯಿತು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಈ ಕೆಲಸ ಒಬ್ಬ ಮನುಷ್ಯನಿಂದ ಏನೆಲ್ಲ ಕಿತ್ತುಕೊಂಡಿತು ಅನ್ನುವುದು ಇಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಇತ್ತೀಚಿನ ಸಲಹೆಗಾರರನ್ನು ಆರಿಸಿಕೊಂಡರೆ ಕಾನೂನು ತಿಳಿದಿರಬೇಕು. 1978ರ ಕಾಯ್ದೆಯ ಪ್ರಕಾರ, 1981ರ ಜನವರಿ 20ರಿಂದ ಈಚೆಗಿನ ಅಧ್ಯಕ್ಷರ ಅಧಿಕೃತ ಕಾಗದಗಳು ಸರ್ಕಾರದ ಆಸ್ತಿ. ಅಧಿಕಾರ ಬಿಟ್ಟು 5 ವರ್ಷವಾದ ಮೇಲೆ ಯಾರು ಬೇಕಾದರೂ ಅರ್ಜಿ ಹಾಕಬಹುದು. ಆದರೆ ಸಲಹೆ ಕೇಳಿದ, ಸಲಹೆ ಕೊಟ್ಟ ಗುಟ್ಟಿನ ಕಾಗದಗಳನ್ನು 12 ವರ್ಷದವರೆಗೆ ತಡೆಹಿಡಿಯಲು ಅವಕಾಶವಿದೆ. ನಿಮಗೆ ಬೇಕಾದದ್ದು ಅವೇ ಅಲ್ವಾ? ಅಲ್ಲಿಯವರೆಗೆ ವರ್ಜೀನಿಯಾ ವಿಶ್ವವಿದ್ಯಾಲಯದ ಮಿಲ್ಲರ್ ಸೆಂಟರ್ ಮಾಡಿರುವ ಸಂದರ್ಶನಗಳನ್ನು ಓದಿ. ಅಧ್ಯಕ್ಷ ಕಾರ್ಟರ್ ಕಾಲದ ಆಡಳಿತದಿಂದ ಹಿಡಿದು ಶ್ವೇತಭವನದಲ್ಲಿ ಕೆಲಸ ಮಾಡಿದವರೇ ಕೂತು ಮಾತಾಡಿದ್ದಾರೆ. ಒಂದೇ ಸಭೆಯ ಬಗ್ಗೆ ಇಬ್ಬರು ಏನು ಹೇಳಿದ್ದಾರೆ ಅಂತ ಅಕ್ಕಪಕ್ಕ ಇಟ್ಟು ನೋಡಿ, ಎಲ್ಲಿ ಹೊಂದುವುದಿಲ್ಲವೋ ಅಲ್ಲಿಂದ ಹುಡುಕಲು ಶುರು ಮಾಡಿ.